ಕೈ ಸೋಕದ ಬೆಳ್ಳಿ

ಹಳೆಯ ಮನೆಗಳ ಸಂದೂಕದ ತಳದಲ್ಲಿ ಒಂದೆರಡು ಬೆಳ್ಳಿ ರೂಪಾಯಿ ಇರುವುದು ನಮ್ಮ ಕಡೆ ಹೊಸ ಸಂಗತಿಯೇನಲ್ಲ. ಅಜ್ಜಿಯ ಸರದಿಂದ ಕಳಚಿಕೊಂಡದ್ದು, ಹೊಲ ಮಾರಿದಾಗ ಬಂದದ್ದು, ಹುಟ್ಟಿದ ಮಗುವಿನ ಅಂಗೈಗೆ ಯಾರೋ ಹಿರಿಯರು ಇಟ್ಟು ಹೋದದ್ದು, ಹೀಗೆ ಒಂದೊಂದಕ್ಕೂ ಒಂದೊಂದು ಕತೆ. ರಾಣಿಯ ಚಿತ್ರವಿದ್ದರೆ ‘ರಾಣಿ ರೂಪಾಯಿ’, ರಾಜನ ಚಿತ್ರವಿದ್ದರೆ ‘ರಾಜನ ರೂಪಾಯಿ’. ರಾಣಿಯ ಕೆನ್ನೆ ಸವೆದಿರುತ್ತದೆ. ಅಂಚಿನಲ್ಲಿ ಅಕ್ಕಸಾಲಿಗ ಕೊರೆದ ತೂತಿನ ಗುರುತಿರುತ್ತದೆ. ಅಸಲಿಯೋ ನಕಲಿಯೋ ನೋಡಲು ಯಾವುದೋ ಸರಾಫ ಒತ್ತಿದ ಸಣ್ಣ ಮುದ್ರೆಯೂ ಕೆಲವೊಮ್ಮೆ ಕಾಣುತ್ತದೆ. ನೂರಾರು ಕೈ ದಾಟಿ ಬಂದ ಬೆಳ್ಳಿ ಅದು.

ಅದೇ ಇಸವಿಯ, ಅದೇ ಟಂಕಸಾಲೆಯ, ಅದೇ ಬೆಳ್ಳಿಯ ಇನ್ನೊಂದು ಬಗೆಯ ನಾಣ್ಯವೂ ಇದೆ. ಅದು ಸಂತೆ ನೋಡಲಿಲ್ಲ, ಕಂದಾಯಕ್ಕೆ ಹೋಗಲಿಲ್ಲ, ಸೆರಗಿನ ಗಂಟಿನಲ್ಲಿ ಕೂರಲಿಲ್ಲ. ಅದರ ಮೈ ಕನ್ನಡಿಯಂತೆ ಹೊಳೆಯುತ್ತದೆ. ರಾಜನ ಗಡ್ಡದ ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟ. ಸಂಗ್ರಾಹಕರು ಇದನ್ನು ‘ಪ್ರೂಫ್ ನಾಣ್ಯ’ ಎನ್ನುತ್ತಾರೆ. ಸವೆದ ರೂಪಾಯಿಯನ್ನು ಅಕ್ಕಸಾಲಿಗ ತೂಕದ ಬೆಲೆಗೆ ಕೇಳಿದರೆ, ಪ್ರೂಫ್ ರೂಪಾಯಿಗೆ ಹರಾಜಿನಲ್ಲಿ ಅದರ ಹಲವು ಪಟ್ಟು ಬೆಲೆ. ಎರಡರಲ್ಲೂ ಇರುವ ಬೆಳ್ಳಿ ಮಾತ್ರ ಒಂದೇ ತೂಕ! ಹಾಗಾದರೆ ಈ ವ್ಯತ್ಯಾಸ ಯಾವುದರ ಬೆಲೆ? ಇತಿಹಾಸ ಬೇಕೆನ್ನುವವನು ಇವೆರಡರಲ್ಲಿ ಯಾವುದನ್ನು ಕೈಗೆತ್ತಿಕೊಳ್ಳಬೇಕು?

ಪ್ರೂಫ್ ಎಂದರೇನು?

ಮುದ್ರಣದ ಮನೆಯ ಪರಿಚಯವಿದ್ದವರಿಗೆ ‘ಪ್ರೂಫ್ ನೋಡುವುದು’ ಗೊತ್ತು. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಒಂದು ಪ್ರತಿ ತೆಗೆದು ತಪ್ಪು ಒಪ್ಪು ನೋಡುವ ಹಾಗೆ, ನಾಣ್ಯದ ಅಚ್ಚು ಸಿದ್ಧವಾದಾಗ ಕೆಲವು ಪ್ರತಿಗಳನ್ನು ತುಂಬ ಎಚ್ಚರದಿಂದ ಹೊಡೆದು ಪರೀಕ್ಷಿಸುವ ಪದ್ಧತಿಯಿಂದ ಈ ಹೆಸರು ಬಂತು. ಬರಬರುತ್ತ ಪರೀಕ್ಷೆಯ ಉದ್ದೇಶ ಹಿಂದೆ ಸರಿದು, ದೊರೆಗಳಿಗೆ, ಅಧಿಕಾರಿಗಳಿಗೆ, ವಸ್ತುಸಂಗ್ರಹಾಲಯಗಳಿಗೆ, ಕೊನೆಗೆ ಹಣ ಕೊಡುವ ಸಂಗ್ರಾಹಕರಿಗೆ ಕೊಡಲೆಂದೇ ಇವನ್ನು ತಯಾರಿಸತೊಡಗಿದರು.

ತಯಾರಿಕೆ ಹೀಗೆ: ಉಕ್ಕಿನ ಅಚ್ಚನ್ನು ಕನ್ನಡಿಯಂತೆ ನಯಗೊಳಿಸುತ್ತಾರೆ. ಬೆಳ್ಳಿಯ ಬಿಲ್ಲೆಯನ್ನೂ ಒಂದೊಂದಾಗಿ ಆರಿಸಿ ನಯಗೊಳಿಸುತ್ತಾರೆ. ಚಲಾವಣೆಯ ನಾಣ್ಯದ ಮೇಲೆ ಯಂತ್ರ ಒಮ್ಮೆ ಬಡಿದು ಮುಂದಕ್ಕೆ ಹೋದರೆ, ಪ್ರೂಫ್ ಬಿಲ್ಲೆಯನ್ನು ನಿಧಾನವಾಗಿ, ಹೆಚ್ಚಿನ ಒತ್ತಡದಲ್ಲಿ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಬಯಲು ಭಾಗ ಕನ್ನಡಿಯಾಗುತ್ತದೆ, ಅಕ್ಷರದ ಅಂಚುಗಳು ಕತ್ತರಿಸಿಟ್ಟಂತೆ ನಿಲ್ಲುತ್ತವೆ. ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಪ್ರೂಫ್ ಎನ್ನುವುದು ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂಬುದರ ಹೆಸರಲ್ಲ, ಅದು ಹೇಗೆ ತಯಾರಾಯಿತು ಎಂಬುದರ ಹೆಸರು. ಕೈಯಿಂದ ಕೈಗೆ ಸವೆದು ಹೋದ ಪ್ರೂಫ್ ನಾಣ್ಯವೂ ಪ್ರೂಫೇ. ಎಷ್ಟೇ ತಿಕ್ಕಿ ಹೊಳೆಸಿದರೂ ಸಾಮಾನ್ಯ ನಾಣ್ಯ ಪ್ರೂಫ್ ಆಗದು.

ಯಂತ್ರ ಬರುವ ಮೊದಲು ಇಂಥದ್ದು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಶೇರ್ ಶಾಹ್ ಸೂರಿ (ಆಳ್ವಿಕೆ 1540–1545) ನೆಲೆಗೊಳಿಸಿದ ಸುಮಾರು 178 ಗ್ರೇನ್ ತೂಕದ ಬೆಳ್ಳಿಯ ರೂಪಾಯಿಯನ್ನು ಮೊಗಲರು ಮುಂದುವರಿಸಿದರು. ಆ ಕಾಲದಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಸುತ್ತಿಗೆಯ ಏಟಿಗೆ ಬರಹದ ಒಂದು ಭಾಗ ಮಾತ್ರ ನಾಣ್ಯದ ಮೇಲೆ ಬೀಳುತ್ತಿತ್ತು. ಹೀಗಾಗಿ ಬಹುಪಾಲು ಮೊಗಲ್ ರೂಪಾಯಿಗಳಲ್ಲಿ ಬಾದಶಹನ ಹೆಸರು ಅರ್ಧ, ಊರಿನ ಹೆಸರು ಕಾಲು! ಆದರೆ ದೊರೆಗೆ ಕಾಣಿಕೆ ಸಲ್ಲಿಸಲು ಅಗಲವಾದ ಬಿಲ್ಲೆಯ ಮೇಲೆ ಇಡೀ ಅಚ್ಚು ಮೂಡುವಂತೆ ಹೊಡೆದ ನಾಣ್ಯಗಳಿದ್ದವು. ಅವೇ ‘ನಜರಾನಾ’ ನಾಣ್ಯಗಳು. ಲಿಪಿಕಾರನ ಕೈಚಳಕ ಪೂರ್ತಿಯಾಗಿ ಕಾಣುವುದು ಅವುಗಳಲ್ಲೇ. ಅಕ್ಬರನ ಟಂಕಸಾಲೆಯನ್ನು ವರ್ಣಿಸುವಾಗ ಅಬುಲ್ ಫಜಲ್ ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ಅಚ್ಚು ಕೆತ್ತುವ ದಿಲ್ಲಿಯ ಮೌಲಾನಾ ಅಲಿ ಅಹ್ಮದನನ್ನು ಹೆಸರಿಟ್ಟು ಹೊಗಳಿದ್ದಾನೆ. ಲಿಪಿಯೇ ಅಲಂಕಾರವಾಗಿದ್ದ ಆ ನಾಣ್ಯಗಳಲ್ಲಿ ಕೆತ್ತುವವನು ಬರಿಯ ಕಮ್ಮಾರನಾಗಿರಲಿಲ್ಲ, ಸುಂದರ ಬರವಣಿಗೆಯ ಪಂಡಿತನೂ ಆಗಿದ್ದ. ಪ್ರೂಫ್ ನಾಣ್ಯದ ನಮ್ಮ ನೆಲದ ಹಿರಿಯಣ್ಣ ಎಂದು ನಜರಾನಾವನ್ನು ಕರೆಯಬಹುದು.

ಕಂಪನಿಯ ರೂಪಾಯಿ

ಈಸ್ಟ್ ಇಂಡಿಯಾ ಕಂಪನಿ ಬಂಗಾಳವನ್ನು ಕೈವಶ ಮಾಡಿಕೊಂಡ ಮೇಲೂ ತನ್ನ ಹೆಸರಿನಲ್ಲಿ ರೂಪಾಯಿ ಹೊಡೆಯಲು ಧೈರ್ಯ ಮಾಡಲಿಲ್ಲ. ಶಾಹ್ ಆಲಮನ ಹೆಸರು, ಅವನ ಆಳ್ವಿಕೆಯ 19ನೇ ವರ್ಷ ಎಂಬ ಬರಹವನ್ನೇ ದಶಕಗಳ ಕಾಲ ಬಂಗಾಳದ ರೂಪಾಯಿಯ ಮೇಲೆ ಉಳಿಸಿಕೊಂಡಿತು. ಶಾಹ್ ಆಲಮ್ 1806ರಲ್ಲಿ ತೀರಿಕೊಂಡ. ನಾಣ್ಯದ ಮೇಲೆ ಮಾತ್ರ ಅವನು 1835ರವರೆಗೆ ಬದುಕಿದ್ದ! ಜನ ನಂಬುವುದು ಹಳೆಯ ಹೆಸರನ್ನು ಎಂಬುದು ವ್ಯಾಪಾರಿಗಳಾದ ಕಂಪನಿಯವರಿಗೆ ಚೆನ್ನಾಗಿ ಗೊತ್ತಿತ್ತು.

1820ರ ದಶಕದ ಕೊನೆಗೆ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊದ ಬೌಲ್ಟನ್ ಮತ್ತು ವ್ಯಾಟ್ ಕಾರ್ಖಾನೆಯ ಉಗಿಯಂತ್ರಗಳು ಕಲ್ಕತ್ತ ಮತ್ತು ಮುಂಬಯಿಗೆ ಬಂದವು. ಕಲ್ಕತ್ತದ ಹೊಸ ಟಂಕಸಾಲೆ 1829ರಲ್ಲಿ ಕೆಲಸ ಆರಂಭಿಸಿತು. 1835ರ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ರೂಪಾಯಿ ತಂದಿತು: ತೂಕ 180 ಗ್ರೇನ್, ಅಂದರೆ 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಒಂದು ಬದಿಗೆ ನಾಲ್ಕನೆಯ ವಿಲಿಯಂನ ಮುಖ, ಇನ್ನೊಂದು ಬದಿಗೆ ಇಂಗ್ಲಿಷಿನ ಜೊತೆ ಫಾರಸಿಯಲ್ಲಿ ‘ಯಕ್ ರೂಪಯಾ’. ಬಹುಮಟ್ಟಿಗೆ ಅಕ್ಷರಗಳನ್ನೇ ಹೊತ್ತಿದ್ದ ರೂಪಾಯಿ ಈಗ ದೂರದ ದೊರೆಯ ಮುಖ ಹೊತ್ತುಕೊಂಡಿತು. ಈ ಹೊಸ ರೂಪಾಯಿಗೂ, ನಂತರದ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ದೊರೆಗಳ ರೂಪಾಯಿಗಳಿಗೂ ಪ್ರೂಫ್ ನಾಣ್ಯಗಳು ತಯಾರಾದವು.

ಈ ತೂಕ ನಮ್ಮ ಅಡುಗೆಮನೆಯವರೆಗೂ ಬಂತು. 180 ಗ್ರೇನ್ ಎಂದರೆ ಒಂದು ತೊಲ. ‘ರೂಪಾಯಿ ತೂಕ’ ಎಂಬುದೇ ಒಂದು ಅಳತೆಯಾಯಿತು. 24 ರೂಪಾಯಿ ತೂಕಕ್ಕೆ ಒಂದು ಕಚ್ಚಾ ಸೇರು ಎಂಬ ಲೆಕ್ಕ ನಮ್ಮ ಹಿರಿಯರ ಬಾಯಲ್ಲಿತ್ತು. ಜಕಾತಿಗೆ ಬೆಳ್ಳಿಯ ನಿಸಾಬ್ ಐವತ್ತೆರಡೂವರೆ ತೊಲ ಎಂದು ಇಂದಿಗೂ ನಮ್ಮಲ್ಲಿ ಹೇಳುತ್ತೇವಲ್ಲ, ಅದನ್ನು 612 ಗ್ರಾಂಗೆ ಹೊಂದಿಸುವಾಗ ಬಳಸುವ ತೊಲ ಇದೇ ರೂಪಾಯಿಯ ತೂಕ. ಇನ್ನೂರು ದಿರ್ಹಮಿನ ಅರಬ್ ಲೆಕ್ಕವೊಂದು ನಮ್ಮ ಊರಿಗೆ ಬರುವಾಗ ಐವತ್ತೆರಡೂವರೆ ರೂಪಾಯಿಯ ತೂಕವಾಗಿ ನಿಂತಿತು!

ಆನೆ ಹಂದಿಯಾದ ಕತೆ

ಈಗ 1911ಕ್ಕೆ ಬರೋಣ. ಹಿಂದಿನ ವರ್ಷ ಐದನೆಯ ಜಾರ್ಜ್ ಪಟ್ಟಕ್ಕೆ ಬಂದಿದ್ದ. 1911ರ ಡಿಸೆಂಬರ್ 12ರಂದು ದಿಲ್ಲಿ ದರ್ಬಾರು. ಹೊಸ ದೊರೆಯ ಹೊಸ ರೂಪಾಯಿ ಅದೇ ವರ್ಷ ಕಲ್ಕತ್ತ ಮತ್ತು ಮುಂಬಯಿ ಟಂಕಸಾಲೆಗಳಲ್ಲಿ ಸಿದ್ಧವಾಯಿತು. ದೊರೆಯ ಚಿತ್ರ ರೂಪಿಸಿದವನು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಹೆಸರಾಂತ ಶಿಲ್ಪಿ ಬರ್ಟ್ರಾಂ ಮೆಕೆನಲ್. ದೊರೆಯ ತಲೆಯ ಮೇಲೆ ಕಿರೀಟ, ಮೈಮೇಲೆ ರಾಜವಸ್ತ್ರ, ಎದೆಯ ಮೇಲೆ ‘ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್’ ಎಂಬ ಬಿರುದಿನ ಸರಪಳಿ. ಆ ಸರಪಳಿಯಲ್ಲಿ ಕಮಲ, ನವಿಲುಗಳ ಜೊತೆಗೆ ಆನೆಯೂ ಇತ್ತು. ಭಾರತವನ್ನು ಗೌರವಿಸಲೆಂದೇ ಇಟ್ಟ ಆನೆ!

ಆದರೆ ನಾಣ್ಯದ ಮೇಲೆ ಆ ಆನೆಗೆ ಸಿಕ್ಕಿದ್ದು ಕಡಲೆಕಾಳಿಗಿಂತ ಚಿಕ್ಕ ಜಾಗ. ಸೊಂಡಿಲು ಮೊಟಕಾಯಿತು. ನೋಡಿದವರಿಗೆ ಅದು ಹಂದಿಯ ಮೂತಿಯಂತೆ ಕಂಡಿತು. ರಾಜನ ಎದೆಯ ಮೇಲೆ ಹಂದಿ ಇದೆ ಎಂಬ ಮಾತು ಎದ್ದಿತು. ಮುಸ್ಲಿಮರಿಗೆ ಹಂದಿ ನಿಷಿದ್ಧ. ಇತರರಲ್ಲೂ ಅದನ್ನು ಅಶುಚಿ ಎನ್ನುವವರು ಬಹಳ. ಕಾಡತೂಸಿನ ಕೊಬ್ಬಿನ ಮಾತಿನಿಂದ 1857 ಭುಗಿಲೆದ್ದು ಆಗ ಐವತ್ನಾಲ್ಕೇ ವರ್ಷ. ಸರಕಾರ ವಾದಕ್ಕೆ ನಿಲ್ಲಲಿಲ್ಲ. ಎರಡೂ ಟಂಕಸಾಲೆಗಳಲ್ಲಿ ಹೊಡೆದಿದ್ದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ 7 ಲಕ್ಷ ಮಾತ್ರ ಹೊರಗೆ ಹೋಗಿದ್ದವು. ಉಳಿದವನ್ನು ತಡೆಹಿಡಿದು, ಹೋದವುಗಳಲ್ಲೂ ಸಿಕ್ಕಷ್ಟನ್ನು ಹಿಂದಕ್ಕೆ ಪಡೆದು ಕರಗಿಸಿದರು. 1912ರ ರೂಪಾಯಿಯಲ್ಲಿ ಆನೆಯನ್ನು ತಿದ್ದಿ ಕೆತ್ತಿದರು. ಸಂಗ್ರಾಹಕರು 1911ರ ನಾಣ್ಯವನ್ನು ಇಂದಿಗೂ ‘ಹಂದಿ ರೂಪಾಯಿ’ ಎಂದೇ ಕರೆಯುತ್ತಾರೆ.

1911ರ ಈ ರೂಪಾಯಿಗೂ ಪ್ರೂಫ್ ನಾಣ್ಯಗಳಿವೆ. ಯೋಚಿಸಿ ನೋಡಿ. ಅಚ್ಚಿನಲ್ಲಿ ತಪ್ಪಿದೆಯೇ ಎಂದು ತಿಳಿಯುವ ಪದ್ಧತಿಯಿಂದ ಹುಟ್ಟಿದ್ದು ಪ್ರೂಫ್. ದೊಡ್ಡ ಶಿಲ್ಪಿ ನೋಡಿದ, ಟಂಕಸಾಲೆಯ ಅಧಿಕಾರಿಗಳು ನೋಡಿದರು, ಎಲ್ಲರಿಗೂ ಅದು ಆನೆಯಾಗಿಯೇ ಕಂಡಿತು. ಏಕೆಂದರೆ ಅಲ್ಲಿ ಇರಬೇಕಾದದ್ದು ಆನೆ ಎಂದು ಅವರಿಗೆ ಮೊದಲೇ ಗೊತ್ತಿತ್ತು! ಗೊತ್ತಿಲ್ಲದ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಅವರು ಕೇಳಲಿಲ್ಲ. ಕನ್ನಡಿಯಂಥ ಪ್ರೂಫ್ ಪಾಸಾಯಿತು. ನಿಜವಾದ ಪ್ರೂಫ್ ನೋಡಿದವರು ಪೇಟೆಯ ಜನ, ಅವರು ಅದನ್ನು ನಪಾಸು ಮಾಡಿದರು.

ವರಾಹದ ನಾಡಿನಿಂದ ನೋಡಿದಾಗ

ಕನ್ನಡ ನಾಡಿನಲ್ಲಿ ಕುಳಿತು ಈ ಕತೆ ಓದುವಾಗ ಇನ್ನೊಂದು ಮಾತು ಹೊಳೆಯುತ್ತದೆ. ನಮ್ಮ ಚಿನ್ನದ ನಾಣ್ಯದ ಹೆಸರೇ ‘ವರಾಹ’. ಬಾದಾಮಿ ಚಾಲುಕ್ಯರ ಲಾಂಛನ ವರಾಹ. ಆ ಪ್ರಾಣಿ ಇಲ್ಲಿ ಶತಮಾನಗಳ ಕಾಲ ಗೌರವದ ಗುರುತಾಗಿತ್ತು. ಅಂದಮೇಲೆ 1911ರ ಸಿಟ್ಟನ್ನು ಒಂದು ಪ್ರಾಣಿಯ ಮೇಲಿನ ಅಸಹ್ಯ ಎಂದಷ್ಟೇ ಹೇಳಿ ಮುಗಿಸಲಾಗದು.

ಮೈಸೂರಿನ ನಾಣ್ಯಗಳನ್ನು ನೋಡಿ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಲಿ, ಇಕ್ಕೇರಿ ವರಾಹದ ಮೇಲಿದ್ದ ಶಿವ ಪಾರ್ವತಿಯರ ಚಿತ್ರವನ್ನು ತನ್ನ ನಾಣ್ಯದ ಮೇಲೂ ಹಾಗೆಯೇ ಉಳಿಸಿಕೊಂಡ. ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಹಾಕಿದ. ಮುಸ್ಲಿಂ ದೊರೆಯ ನಾಣ್ಯದ ಮೇಲೆ ಶಿವ ಪಾರ್ವತಿ! ಅದು ಸಲೀಸಾಗಿ ನಡೆಯಿತು. ಟಿಪ್ಪು ಸುಲ್ತಾನ್ ಬೆಳ್ಳಿ ಬಂಗಾರದ ಮೇಲೆ ಬರಹವನ್ನೇ ಇಟ್ಟು, ಬೆಳ್ಳಿಯ ರೂಪಾಯಿಗೆ ‘ಇಮಾಮಿ’, ಎರಡು ರೂಪಾಯಿಗೆ ‘ಹೈದರಿ’, ಅರ್ಧಕ್ಕೆ ‘ಆಬಿದಿ’, ಕಾಲಿಗೆ ‘ಬಾಕಿರಿ’ ಎಂದು ಹೆಸರಿಟ್ಟ. ತಾಮ್ರದ ನಾಣ್ಯದ ಮೇಲೆ ಮಾತ್ರ ಆನೆಯನ್ನು ಕೆತ್ತಿಸಿದ. ಅವನ ಕಾಲದ ತಾಮ್ರದ ದುಡ್ಡನ್ನು ಕೈಯಲ್ಲಿ ಹಿಡಿದರೆ ಸೊಂಡಿಲು, ದಂತ, ಬಾಲ ಎಲ್ಲ ಕಾಣುತ್ತವೆ. ಅಲ್ಲಿ ಆನೆಗೆ ನಾಣ್ಯದ ಇಡೀ ಮುಖವೇ ಸಿಕ್ಕಿತ್ತು, ಜಾರ್ಜ್ ದೊರೆಯ ಎದೆಯ ಮೇಲೆ ಒಂದು ಚುಕ್ಕಿಯಷ್ಟು ಜಾಗ ಎಂಬ ವ್ಯತ್ಯಾಸ ನಿಜ. ಆದರೆ ಅದಕ್ಕಿಂತ ದೊಡ್ಡದು ನಂಬಿಕೆಯ ವ್ಯತ್ಯಾಸ. ತಮ್ಮ ನಡುವೆ ಬದುಕುವ ದೊರೆಯ ನಾಣ್ಯದ ಮೇಲೆ ಅನ್ಯಧರ್ಮದ ದೇವರಿದ್ದರೂ ಜನ ಸಂಶಯ ಪಡುವುದಿಲ್ಲ. ದೂರ ನಿಂತು ಆಳುವವನ ಆನೆಯೂ ಅವರ ಕಣ್ಣಿಗೆ ಹಂದಿಯಾಗಿ ಕಾಣಬಹುದು.

ಕುಲುಮೆಗೆ ಹೋದ ರೂಪಾಯಿ

ಜನ ರೂಪಾಯಿಯನ್ನು ನಂಬಿದ್ದು ಅದರ ಮೇಲಿನ ಮುಖದಿಂದಲ್ಲ, ಒಳಗಿನ ಬೆಳ್ಳಿಯಿಂದ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯ ಕೊರತೆಯಾದಾಗ ಸರಕಾರ 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ತಂದಿತು. ನಂಬಲಿ ಎಂದು ಅದರ ಮೇಲೆ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚು ಹಾಕಿತು! ಜನ ನೋಟು ಕೊಟ್ಟು ಬೆಳ್ಳಿ ಕೇಳತೊಡಗಿದರು. 1918ರಲ್ಲಿ ಅಮೆರಿಕ ‘ಪಿಟ್‌ಮನ್ ಕಾಯಿದೆ’ ಮಾಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರ ಬಹುಪಾಲು ಬೆಳ್ಳಿ ಭಾರತದ ರೂಪಾಯಿಗಾಗಿ ಬ್ರಿಟಿಷರ ಕೈ ಸೇರಿತು.

ಎರಡನೆಯ ಯುದ್ಧದಲ್ಲಿ ಈ ನಂಬಿಕೆ ಮುರಿಯಿತು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು: ಬೆಳ್ಳಿ 50, ತಾಮ್ರ 40, ನಿಕಲ್ 5, ಸತು 5 ಪಾಲು. 1947ರ ರೂಪಾಯಿ ನಿಕಲ್ಲಿನದು. ಯುದ್ಧಕಾಲದಲ್ಲಿ ಅಮೆರಿಕದಿಂದ ಸಾಲ ತಂದ ಬೆಳ್ಳಿಯನ್ನು ಸ್ವತಂತ್ರ ಭಾರತ ತೀರಿಸಬೇಕಾಯಿತು. ಅದಕ್ಕಾಗಿ ಹಿಂದಕ್ಕೆ ಪಡೆದ ಅರೆಬೆಳ್ಳಿ ನಾಣ್ಯಗಳನ್ನು ಕಲ್ಕತ್ತದಲ್ಲಿ ಕರಗಿಸಿ ಬೆಳ್ಳಿ ಬೇರ್ಪಡಿಸಿದರು. ಹೀಗೆ ಒಮ್ಮೆ ಆನೆಗಾಗಿ, ಒಮ್ಮೆ ಸಾಲಕ್ಕಾಗಿ, ಮಿಕ್ಕಂತೆ ಬಳೆ ಕಾಲ್ಗಡಗಗಳಿಗಾಗಿ ಬೆಳ್ಳಿ ರೂಪಾಯಿಗಳು ಕುಲುಮೆ ಸೇರಿದವು. ಇಂದು ಉಳಿದಿರುವ ಒಂದೊಂದು ನಾಣ್ಯವೂ ಬೆಂಕಿಯಿಂದ ತಪ್ಪಿಸಿಕೊಂಡು ಬಂದದ್ದು.

ಸಂಗ್ರಾಹಕನ ಎಚ್ಚರ

ಪ್ರೂಫ್ ನಾಣ್ಯದ ಹೊಳಪಿಗೆ ಮರುಳಾದವನು ಮೊದಲು ತಿಳಿಯಬೇಕಾದ ಮಾತೊಂದಿದೆ. ಕಲ್ಕತ್ತ ಮತ್ತು ಮುಂಬಯಿ ಟಂಕಸಾಲೆಗಳು ಹಳೆಯ ಅಚ್ಚುಗಳನ್ನು ಇಟ್ಟುಕೊಂಡು, ಸಂಗ್ರಾಹಕರು ಕೇಳಿದಾಗ ಮತ್ತೆ ಪ್ರೂಫ್ ಹೊಡೆದು ಕೊಡುತ್ತಿದ್ದವು. ಮುಂಬಯಿಯಲ್ಲಿ ಸ್ವಾತಂತ್ರ್ಯಾನಂತರವೂ ಕೆಲಕಾಲ ಈ ಪದ್ಧತಿ ನಡೆಯಿತು. ಇವೇ ‘ರೀಸ್ಟ್ರೈಕ್’, ಅಂದರೆ ಮರುಟಂಕಿತ ನಾಣ್ಯಗಳು. ನಾಣ್ಯದ ಮೇಲೆ 1835 ಎಂದಿದ್ದರೂ ಅದು ಹುಟ್ಟಿದ್ದು ಎಷ್ಟೋ ದಶಕಗಳ ನಂತರ ಇರಬಹುದು. ಅವು ಖೋಟಾ ಅಲ್ಲ. ಸರಕಾರಿ ಟಂಕಸಾಲೆಯವೇ. ಆದರೆ ಆ ಇಸವಿಯ ಸಾಕ್ಷಿಯೂ ಅಲ್ಲ. ಕೆಲವೊಮ್ಮೆ ಅಚ್ಚಿಗೆ ಹಿಡಿದ ತುಕ್ಕಿನ ಚುಕ್ಕಿಗಳು ಬೆಳ್ಳಿಯ ಮೇಲೆ ಮೂಡಿರುತ್ತವೆ. ಕೆಲವೊಮ್ಮೆ ಒಂದು ಕಾಲದ ಮುಖಕ್ಕೆ ಇನ್ನೊಂದು ಕಾಲದ ಹಿಂಬದಿ ಜೋಡಿಯಾಗಿರುತ್ತದೆ. ಬ್ರಿಟಿಷ್ ಇಂಡಿಯಾದ ನಾಣ್ಯಗಳ ಬಗ್ಗೆ ಫ್ರೆಡ್ ಪ್ರಿಡ್ಮೋರ್ 1975 ಮತ್ತು 1980ರಲ್ಲಿ ಪ್ರಕಟಿಸಿದ ಸಂಪುಟಗಳನ್ನು ಅಸಲಿ ಪ್ರೂಫ್ ಯಾವುದು, ಮರುಟಂಕಿತ ಯಾವುದು ಎಂದು ತಿಳಿಯಲು ಸಂಗ್ರಾಹಕರು ಇಂದಿಗೂ ತೆರೆಯುತ್ತಾರೆ. ಮಾರುವವನು ‘ಮರುಟಂಕಿತ’ ಎಂದು ಹೇಳಿ ಮಾರಿದರೆ ಅದು ವ್ಯಾಪಾರ, ಹೇಳದೆ ಮಾರಿದರೆ ವಂಚನೆ. ಸರಕಿನ ಕುಂದನ್ನು ಮುಚ್ಚಿಡದೆ ಹೇಳಬೇಕೆಂಬ ನಿಯಮ ನಾಣ್ಯಕ್ಕೂ ಸಲ್ಲುತ್ತದೆ.

ಇನ್ನೊಂದು ಸುಲಭದ ಮೋಸ ಸಾಮಾನ್ಯ ರೂಪಾಯಿಗೆ ಪಾಲಿಶ್ ಕೊಟ್ಟು ಪ್ರೂಫ್ ಎನ್ನುವುದು. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚುಗಳು ಕರಗಿದಂತೆ ದುಂಡಗಿರುತ್ತವೆ, ಬಯಲಿನಲ್ಲಿ ಒಂದೇ ದಿಕ್ಕಿನ ಸಣ್ಣ ಗೀರುಗಳಿರುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದ ಖೋಟಾ ನಾಣ್ಯವಾದರೆ ಅಂಚಿನ ಸುತ್ತ ಬೆಸುಗೆಯ ಗೆರೆ ಕಾಣಬಹುದು, ತೂಕ 11.66 ಗ್ರಾಂಗೆ ಹೊಂದುವುದಿಲ್ಲ.

ಮನೆಯಲ್ಲಿ ಹಳೆಯ ಬೆಳ್ಳಿ ನಾಣ್ಯ ಸಿಕ್ಕರೆ ದಯವಿಟ್ಟು ಹುಣಸೆಹುಳಿ, ಬೂದಿ ಹಾಕಿ ತಿಕ್ಕಬೇಡಿ. ಬೆಳ್ಳಿಯ ಮೇಲೆ ಕಟ್ಟುವ ಕಪ್ಪು, ನೀಲಿ ಛಾಯೆ ಅದರ ವಯಸ್ಸಿನ ಗುರುತು. ತಿಕ್ಕಿದರೆ ಛಾಯೆಯ ಜೊತೆಗೆ ಬೆಳ್ಳಿಯ ಪದರವೂ ಹೋಗುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಬೆರಳಿನ ಬೆವರಿನ ಗುರುತು ಪ್ರೂಫ್ ನಾಣ್ಯದ ಕನ್ನಡಿಯ ಮೇಲೆ ಕಾಯಂ ಆಗಿ ಕೂರುತ್ತದೆ. ಪಿವಿಸಿ ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಂಗಳು ಕಾಲಕ್ರಮೇಣ ಹಸಿರು ಜಿಡ್ಡು ಬಿಡುತ್ತವೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯಿದೆಯಡಿ ಬರುವುದರಿಂದ ಅದನ್ನು ಪರವಾನಗಿ ಇಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ.

ಎರಡು ರೂಪಾಯಿಗಳು

ಸ್ವತಂತ್ರ ಭಾರತದಲ್ಲೂ ಬೆಳ್ಳಿಯ ಪ್ರೂಫ್ ನಾಣ್ಯದ ಪರಂಪರೆ ಮುಂದುವರಿಯಿತು. ಗಾಂಧೀಜಿಯ ಜನ್ಮಶತಮಾನದ 1969ರಲ್ಲಿ ಬಂದ, 15 ಗ್ರಾಂ ತೂಕದ, ನೂರಕ್ಕೆ 80 ಪಾಲು ಬೆಳ್ಳಿಯ ಹತ್ತು ರೂಪಾಯಿ ನಾಣ್ಯವನ್ನು ಹಲವರು ಜೋಪಾನವಾಗಿ ಎತ್ತಿಟ್ಟಿದ್ದಾರೆ. ಚಲಾವಣೆಗೆ ಹೊಡೆದ ಮುಂಬಯಿ ನಾಣ್ಯದಲ್ಲಿ ವಜ್ರಾಕಾರದ ಗುರುತು, ಪ್ರೂಫ್‌ನಲ್ಲಿ ‘ಬಿ’ ಅಕ್ಷರ. ಊರಿನ ಹೆಸರು ಅಧಿಕೃತವಾಗಿ ಮುಂಬಯಿ ಆದ ಮೇಲೆ ಆ ‘ಬಿ’ ಹೋಗಿ ‘ಎಂ’ ಬಂತು. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ಬಂದ 75 ರೂಪಾಯಿ ನಾಣ್ಯದ ಲೋಹ ನೋಡಿ: ಬೆಳ್ಳಿ 50, ತಾಮ್ರ 40, ನಿಕಲ್ 5, ಸತು 5. ಯುದ್ಧದ ಬಡತನದಲ್ಲಿ ಹುಟ್ಟಿದ 1940ರ ಮಿಶ್ರಣವೇ ಇಂದು ಗೌರವದ ನಾಣ್ಯವಾಗಿ ಕುಳಿತಿದೆ!

ಮೊದಲು ಕೇಳಿದ ಪ್ರಶ್ನೆಗೆ ಮರಳೋಣ. ಪ್ರೂಫ್ ರೂಪಾಯಿ, ಆಳುವವರು ತಮ್ಮನ್ನು ಹೇಗೆ ಕಾಣಿಸಿಕೊಳ್ಳಲು ಬಯಸಿದರು ಎಂದು ಹೇಳುತ್ತದೆ. ಅದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಸವೆದ ರೂಪಾಯಿ, ಆಳಿಸಿಕೊಂಡವರು ಅದನ್ನು ಏನು ಮಾಡಿದರು ಎಂದು ಹೇಳುತ್ತದೆ. ತೂಗಿದರು, ಬಚ್ಚಿಟ್ಟರು, ತೂತು ಮಾಡಿ ಕೊರಳಿಗೆ ಹಾಕಿಕೊಂಡರು, 1911ರಲ್ಲಿ ಬೇಡವೆಂದು ದೂಡಿದರು. ಸಂಗ್ರಾಹಕನ ಪೆಟ್ಟಿಗೆಯಲ್ಲಿ ಮೊದಲನೆಯದಕ್ಕೆ ಮಖಮಲ್ಲಿನ ಹಾಸು ಇರಲಿ. ಆದರೆ ಪಕ್ಕದಲ್ಲೇ ಎರಡನೆಯದಕ್ಕೂ ಒಂದು ಜಾಗ ಬೇಕು. ನಮ್ಮ ಸಂದೂಕದ ತಳದಲ್ಲಿರುವ ಆ ಮಾಸಿದ ರೂಪಾಯಿಯನ್ನು ಕಾಲುಗೆಜ್ಜೆಗೆಂದು ಅಕ್ಕಸಾಲಿಗನ ಕೈಗೆ ಕೊಡುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡೋಣ. ಇಸವಿ ಯಾವುದು, ‘ಯಕ್ ರೂಪಯಾ’ ಇದೆಯೇ, ಐದನೆಯ ಜಾರ್ಜ್ ಆದರೆ ಎದೆಯ ಮೇಲಿನ ಪ್ರಾಣಿಯ ಸೊಂಡಿಲು ಎಷ್ಟು ಉದ್ದವಿದೆ? ಆ ರೂಪಾಯಿಯನ್ನು ಸವೆಸಿದ ಕೈಗಳಲ್ಲಿ ನಮ್ಮ ಹಿರಿಯರ ಕೈಗಳೂ ಇದ್ದವು.